ಟೈಲರ್ ಬಾಯಮ್ಮ ಹರಿದ ಗೌನು

ಹತ್ತಿಬಟ್ಟೆಯನ್ನು ಚಹಾಪುಡಿ ಹಾಕಿದ ನೀರಿನಲ್ಲಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಚಹಾದ ವಾಸನೆಯೂ ಅಲ್ಲ, ಬಟ್ಟೆಯದ್ದೂ ಅಲ್ಲ. ಮಳೆಗಾಲದಲ್ಲಿ ಒಣಗದ ಯೂನಿಫಾರ್ಮಿನ ಮೇಲೆ ಯಾರೋ ಚಹಾ ಚೆಲ್ಲಿದ ಹಾಗೆ. ಕಳೆದ ವಾರ ಮಣಿಪಾಲದಲ್ಲಿ ಮಗಳ ಫ್ಲ್ಯಾಟಿನ ಅಡುಗೆಮನೆ ತುಂಬ ಅದೇ ವಾಸನೆ. ದೊಡ್ಡ ಪಾತ್ರೆಯಲ್ಲಿ ಬಿಳಿ ಬೆಡ್‌ಶೀಟು ಕುದಿಯುತ್ತಿತ್ತು. ಆಫೀಸಿನಿಂದ ಬಂದ ಮಗಳು ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

"ಅಮ್ಮಾ, ಎಂತ ಮಾಡ್ತಾ ಇದ್ದೀರಿ ನೀವು?"

"ನಿನ್ನ ಮಗಳಿಗೆ ದೆವ್ವದ ಅಂಗಿ."

"ಅದು ನನ್ನ ಒಳ್ಳೆ ಬೆಡ್‌ಶೀಟ್ ಅಲ್ವಾ?"

"ಹೌದು. ದೆವ್ವಕ್ಕೆ ಹಳೆಯದನ್ನು ಕೊಡ್ಲಿಕ್ಕೆ ಆಗ್ತದಾ ಮಾರಾಯ್ತಿ?"

ಈ ಅಪಾರ್ಟ್‌ಮೆಂಟಿನ ಮಕ್ಕಳು ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಎಂದು ದೆವ್ವದ ವೇಷ ಹಾಕಿಕೊಂಡು ಕೆಳಗಿನ ಹಾಲಿನಲ್ಲಿ ಪಾರ್ಟಿ ಮಾಡುತ್ತಾರೆ. ಈ ಸಲ ಎಲ್ಲರೂ ಮುಳುಗಿದ ಹಡಗಿನವರಾಗಿ ಬರಬೇಕಂತೆ. ನನ್ನ ಮೊಮ್ಮಗಳು ಕ್ಯಾಪ್ಟನ್. ಹ್ಯಾಲೋವೀನ್ ಎಂದರೆ ಏನೆಂದು ಅವಳು ನನಗೆ ನಿಧಾನವಾಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ ವಿವರಿಸಿದಳು. ನಾನು ಎಲ್ಲ ಕೇಳಿಸಿಕೊಂಡು, "ನಾನು ಹ್ಯಾಲೋವೀನ್ ಬಟ್ಟೆ ಹೊಲಿಯುವಾಗ ನಿನ್ನ ಅಮ್ಮನಿಗೆ ಮದುವೆಯೇ ಆಗಿರಲಿಲ್ಲ," ಎಂದೆ. ಅವಳು ನಂಬಲಿಲ್ಲ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಹೋದ ತಿಂಗಳು ನನಗೆ ಕಲಿಸಿದವಳೂ ಅವಳೇ. "ಹಾಗಾದರೆ ಬರೆದು ತೋರಿಸಿ ಅಜ್ಜಿ," ಎಂದಳು. ಬರೆಯುತ್ತಿದ್ದೇನೆ, ಒಂದೇ ಬೆರಳಿನಲ್ಲಿ.

ಬಟ್ಟೆಯನ್ನು ಚಹಾದಲ್ಲಿ ಕುದಿಸಲು ನನಗೆ ಕಲಿಸಿದವರು ಟೈಲರ್ ಬಾಯಮ್ಮ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುವುದು ವಾಡಿಕೆ. ಇವರು ಹೊಲಿಯುತ್ತಿದ್ದುದರಿಂದ ಟೈಲರ್ ಬಾಯಮ್ಮ. ಕಾರ್ಕಳ ಪೇಟೆಯ ಒಂದು ಓಣಿಯ ಕೊನೆಗೆ ಅವರ ಒಂದು ಕೋಣೆಯ ಅಂಗಡಿ, ಹಿಂದೆ ಮನೆ. ಕಾಲಲ್ಲಿ ತುಳಿಯುವ ಎರಡು ಮೆಷಿನು, ಒಂದು ಬೆಂಚು, ಹೊರಗೆ ಒರಟು ಕೆಂಪು ಮುರಕಲ್ಲಿನ ಮೂರು ಮೆಟ್ಟಿಲು. ಸಪೂರದ ಹೆಂಗಸು, ಮದುವೆಯಾಗಿರಲಿಲ್ಲ. ಅಳತೆಯ ಟೇಪು ಸದಾ ಕುತ್ತಿಗೆಯಲ್ಲಿ. ಒಮ್ಮೆ ಅದನ್ನು ಹಾಕಿಕೊಂಡೇ ಇಗರ್ಜಿಗೆ ಹೋಗಿ, ಪಾದ್ರಿಗಳ ಎದುರು ನಿಂತ ಮೇಲೆ ಗೊತ್ತಾಯಿತಂತೆ. "ಅವರೂ ಹೆದರಿದರು, ಅಳತೆ ತೆಗೆಯಲಿಕ್ಕೆ ಬಂದೆನೋ ಅಂತ," ಎಂದು ಹೇಳಿ ನಗುತ್ತಿದ್ದರು. ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಾವಿಬ್ಬರು ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

ಅವರದ್ದೊಂದು ಹಟ ಇತ್ತು. ಅಂಚು ಮಡಿಚಿ ಹೊಲಿಯದ ಬಟ್ಟೆ ಅವರ ಬಾಗಿಲು ದಾಟಬಾರದು. ಹೊರಗೆ ಕಾಣುವ ಅಂಚು ಮಾತ್ರವಲ್ಲ, ಒಳಗಿನದ್ದೂ. ನನಗಿಂತ ಮೊದಲು ಅಲ್ಲಿ ಕೆಲಸಕ್ಕಿದ್ದ ಹೆಂಗಸು ಒಂದು ಲಂಗದ ಒಳಗಿನ ಅಂಚನ್ನು ಹಾಗೆಯೇ ಬಿಟ್ಟು ಕೊಟ್ಟಿದ್ದಳಂತೆ. ಅವಳನ್ನು ಅದೇ ಸಂಜೆ ಕಳಿಸಿಬಿಟ್ಟರು. ಬೈಯಲೂ ಇಲ್ಲ. "ನಾಳೆಯಿಂದ ಬರಬೇಡ," ಅಷ್ಟೇ.

ನಾನು ಆಗ ನಲವತ್ತೈದರವಳು. ಗಂಡ ಬಹರೇನಿನಲ್ಲಿ, ಮಗಳು ಓದಲು ಹಾಸ್ಟೆಲಿನಲ್ಲಿ. ಮನೆಯಲ್ಲಿ ನಾನು, ಅತ್ತೆ ಮತ್ತು ಟಿವಿ. ಅತ್ತೆ ಕೆಟ್ಟವರಲ್ಲ, ಆದರೆ ಸೊಸೆ ಪೇಟೆ ತಿರುಗುವುದು ಅವರಿಗೆ ಆಗದು. ಬಾಯಮ್ಮನಲ್ಲಿಗೆ ಹೊಲಿಯಲು ಎಂದ ಮೇಲೆ ಮಾತ್ರ ಒಪ್ಪಿದ್ದರು. ಒಪ್ಪುವಾಗಲೇ, "ಅವರು ಬೇಡ ಅಂದ ದಿನ ನಿನ್ನ ಪೇಟೆ ಸವಾರಿ ಮುಗೀತು, ತಿಳೀತಾ?" ಎಂದಿದ್ದರು. ಮಧ್ಯಾಹ್ನ ಎರಡರಿಂದ ಆರರವರೆಗಿನ ಆ ನಾಲ್ಕು ಗಂಟೆ ನನಗೆ ಎಷ್ಟು ದೊಡ್ಡದಾಗಿತ್ತು ಎಂದು ಈಗ ಹೇಳಿದರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ. ಅಲ್ಲಿ ನಾನು ನಗುತ್ತಿದ್ದೆ. ಅಷ್ಟು ಜೋರಾಗಿ ನಗಲು ನನಗೆ ಬೇರೆ ಜಾಗ ಇರಲಿಲ್ಲ...

ಅಕ್ಟೋಬರಿನ ಒಂದು ಮಧ್ಯಾಹ್ನ ನಿಟ್ಟೆ ಕಡೆಯ ಹಾಸ್ಟೆಲಿನಿಂದ ಮೂವರು ಹುಡುಗಿಯರು ಬಂದರು. ಕನ್ನಡಕ ಹಾಕಿದ ಹುಬ್ಬಳ್ಳಿಯ ಹುಡುಗಿಯೇ ಅವರ ಲೀಡರು.

"ಆಂಟಿ, ನಮ್ಮ ಹಾಸ್ಟೆಲ್‌ದಾಗ ಹ್ಯಾಲೋವೀನ್ ಪಾರ್ಟಿ ಐತ್ರೀ. ಹಳೇ ಬಂಗ್ಲೆದಾಗ ಮದುವಿ ಅಂತ ಥೀಮ್. ನಾನು ಸತ್ತ ಮದುಮಗಳು."

ಬಾಯಮ್ಮ ಮೆಷಿನ್ ನಿಲ್ಲಿಸಿ ಕೊಂಕಣಿಯಲ್ಲಿ ದೇವರನ್ನು ಕರೆದರು. "ಸಾಯ್ಬಾ! ಎಂತ ಹೇಳಿದ್ದು ಇವಳು?"

"ದೆವ್ವ ಆಗ್ಲಿಕ್ಕೆ ಮದುವೆ ಗೌನು ಬೇಕಂತೆ," ಎಂದೆ.

"ಅಷ್ಟೇ ಅಲ್ವಾ," ಎಂದು ಬಾಯಮ್ಮ ಟೇಪು ಹಿಡಿದು ಎದ್ದೇಬಿಟ್ಟರು. ಮದುವೆಯ ಗೌನು ಎಂದರೆ ಸಾಕು, ಯಾರಿಗೆ ಎಂದು ಅವರಿಗೆ ಬೇಕಾಗಿರಲಿಲ್ಲ.

"ಹರದಂಗ ಇರಬೇಕ್ರೀ ಆಂಟಿ," ಎಂದಳು ಹುಡುಗಿ, ಕೈ ಎತ್ತಿ ನಿಂತುಕೊಂಡೇ.

"ಹರಿಯುವುದು ಆಮೇಲೆ ಅಲ್ವಾ ಮಗಾ? ಹೊಲಿಯದೆ ಎಂತದ್ದನ್ನು ಹರಿಯುವುದು?"

ಹುಡುಗಿ ಇದನ್ನು ಒಪ್ಪಿಗೆ ಎಂದು ತಿಳಿದಳು. ಬಾಯಮ್ಮ ಇದನ್ನು ಅಲ್ಲಿಗೇ ಮುಗಿದ ಮಾತು ಎಂದು ತಿಳಿದರು. ನಡುವೆ ನಿಂತ ನನಗೆ ಎರಡೂ ಗೊತ್ತಾಯಿತು. ತಮಾಷೆ ನೋಡುವ ಆಸೆಗೆ ಬಾಯಿ ಬಿಡಲಿಲ್ಲ.

ಪಾರ್ಟಿಯ ಅಲಂಕಾರವೂ ಆ ಹುಡುಗಿಯರ ಮೇಲೆಯೇ ಬಿದ್ದಿತ್ತು. ಬಾವಲಿ ಮಾಡಲು ಕಪ್ಪು ಬಟ್ಟೆ ಬೇಕು ಎಂದರು. ಬಾಯಮ್ಮ ಮೂಲೆಯ ಗೋಣಿಚೀಲ ತೋರಿಸಿದರು. ಮಳೆಗಾಲದಲ್ಲಿ ಹೊಲಿಸಲೆಂದು ತಂದು ಮರೆತುಹೋದ ಕೊಡೆಗಳು ಅದರ ತುಂಬ. ಕಡ್ಡಿ ಮುರಿದ ಕೊಡೆಯನ್ನು ಅರ್ಧಕ್ಕೆ ಕತ್ತರಿಸಿ ಗೋಡೆಗೆ ತೂಗಿದರೆ ಬಾವಲಿಯ ರೆಕ್ಕೆಯಲ್ಲದೆ ಮತ್ತೇನೂ ಅಲ್ಲ! ಆದರೆ ಪ್ರತಿಯೊಂದು ಕೊಡೆಯನ್ನೂ ಬಿಡಿಸಿ ನೋಡದೆ ಬಾಯಮ್ಮ ಕತ್ತರಿ ಹಾಕಲು ಬಿಡಲಿಲ್ಲ. "ಇದು ಬೇಡ, ಇದಕ್ಕೆ ಇನ್ನೂ ಎರಡು ಮಳೆಗಾಲ ಉಂಟು," ಎಂದು ನಾಲ್ಕನ್ನು ಉಳಿಸಿದರು. ಹನ್ನೊಂದು ಬಾವಲಿಗಳಾದವು. ಹನ್ನೊಂದರ ರೆಕ್ಕೆಗೂ ನನ್ನಿಂದ ಅಂಚು ಮಡಿಚಿಸಿದರು. ಅಂಗಡಿಯೊಳಗೆ ಹಗ್ಗ ಕಟ್ಟಿ ತೂಗಿದ್ದೆವು. ಬ್ಲೌಸ್ ಅಳತೆ ಕೊಡಲು ಬಂದ ಒಬ್ಬ ಟೀಚರು ತಲೆಗೆ ರೆಕ್ಕೆ ತಾಗಿ ಕೂಗಿದ್ದು ಓಣಿಯ ಬಾಯಿಯ ಹೋಟೆಲಿಗೂ ಕೇಳಿಸಿತಂತೆ.

ಗೌನು ಮುಗಿದಾಗ ನಾನು ಅದರ ಸುತ್ತ ತಿರುಗಿ ನೋಡಿದೆ. ಬಿಳಿ ಪಾಪ್ಲಿನ್, ಕುತ್ತಿಗೆಗೆ ಲೇಸು, ಸೊಂಟದಲ್ಲಿ ಕಡ್ಡಿಯಷ್ಟು ಸಣ್ಣ ನೆರಿಗೆ. ಅದನ್ನು ಹಾಕಿಕೊಂಡು ಆ ಹುಡುಗಿ ನೇರವಾಗಿ ಮದುವೆಗೇ ಹೋಗಬಹುದಿತ್ತು. ಎಲ್ಲೂ ಒಂದು ನೂಲು ಎದ್ದಿರಲಿಲ್ಲ.

ಪಾರ್ಟಿಯ ಹಿಂದಿನ ದಿನ ಹುಡುಗಿ ಒಬ್ಬಳೇ ಬಂದಳು. ಬಾಯಮ್ಮ ಇರಲಿಲ್ಲ. ಅಕ್ಟೋಬರ್ ಅವರಿಗೆ ಜಪಮಾಲೆಯ ತಿಂಗಳು, ಆ ದಿನ ಯಾರದೋ ಮನೆಗೆ ಪ್ರಾರ್ಥನೆಗೆ ಹೋಗಿದ್ದರು. ಹುಡುಗಿ ಗೌನು ನೋಡಿ ಬೆಂಚಿನ ಮೇಲೆ ಕುಳಿತುಬಿಟ್ಟಳು.

"ಭಾಳ ಚಂದ ಆಗೇತ್ರೀ ಆಂಟಿ," ಎಂದಳು. ಕಣ್ಣು ತುಂಬಿತ್ತು. "ಇಷ್ಟ ಚಂದ ಇದ್ರ ಎಲ್ಲಾರೂ ನಗ್ತಾರ್ರೀ. ದೆವ್ವ ಆಗಂದ್ರ ಮದುವ್ಯಾಗಾಕ ಬಂದಾಳ ಅಂತಾರ."

ನನಗೆ ಪಾಪ ಅನಿಸಿತು. ಪಾಪಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ಕೈ ತುರಿಸಿತು. ಎರಡು ವರ್ಷದಿಂದ ಮಡಿಚಿ ಮಡಿಚಿ ಹೊಲಿದ ಕೈ ಅದು. ಹೊಲಿಗೆ ಬಿಚ್ಚುವ ಬ್ಲೇಡು ಡಬ್ಬಿಯಲ್ಲೇ ಇತ್ತು. ಗೌನಿನ ಕೆಳಗೆ ಒಂದು ಗೀರು ಹಾಕಿ ಎರಡೂ ಕೈಯಲ್ಲಿ ಎಳೆದೆ. ಪರ್ರ್... ಎಂಥ ಶಬ್ದ ಅದು! ಹುಡುಗಿ ಬಾಯಿಗೆ ಕೈ ಇಟ್ಟಳು, ಆಮೇಲೆ ನಕ್ಕಳು. ಇನ್ನೊಂದು ಎಳೆದೆ. ಮತ್ತೂ ಒಂದು. ನಾಲ್ಕನೆಯದಕ್ಕೆ ಬ್ಲೇಡು ಹಿಡಿದು ತಲೆ ಎತ್ತಿದರೆ, ಬಾಗಿಲಲ್ಲಿ ಬಾಯಮ್ಮ. ಕೈಯಲ್ಲಿ ಜಪಮಾಲೆ, ಕುತ್ತಿಗೆಯಲ್ಲಿ ಟೇಪು.

ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಅತ್ತೆಯ ಮುಖ. ಆಮೇಲೆ ನಮ್ಮ ಮನೆಯ ಟಿವಿ. ನನ್ನ ನಾಲ್ಕು ಗಂಟೆ ಮುಗಿಯಿತು ಎಂದುಕೊಂಡೆ.

"ಯಾರು ಹರಿದದ್ದು?"

"ನಾನು," ಎಂದೆ.

"ನಾನ ಹೇಳಿದ್ದು ಆಂಟಿ, ಅವರದು ತಪ್ಪಿಲ್ರೀ," ಎಂದಳು ಹುಡುಗಿ.

ಬಾಯಮ್ಮ ಗೌನು ಎತ್ತಿಕೊಂಡು, ಕನ್ನಡಕ ಏರಿಸಿ, ನಾನು ಹರಿದ ಜಾಗವನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಹೊರಗೆ ಒಂದು ಬಸ್ಸು ಹಾರ್ನ್ ಹಾಕಿ ಹೋದದ್ದೂ ನನಗೆ ನೆನಪಿದೆ.

"ಇದು ಹರಿದದ್ದಾ?" ಎಂದರು. "ಇದು ಬ್ಲೇಡು. ಕುರುಡರೂ ಹೇಳ್ತಾರೆ ಬ್ಲೇಡು ಅಂತ. ಯಾವ ದೆವ್ವ ಮಾರಾಯ್ತಿ ಬ್ಲೇಡು ಹಿಡ್ಕೊಂಡು ತನ್ನ ಬಟ್ಟೆ ಹರೀತದೆ?"

ಅವರು ಹುಡುಗಿಯ ಕಡೆ ತಿರುಗಿದರು.

"ಇವಳು ಸತ್ತದ್ದು ಹೇಗೆ?"

"ಯಾರ್ರೀ?"

"ನಿನ್ನ ಮದುಮಗಳು. ಸತ್ತದ್ದು ಹೇಗೆ?"

ಹುಡುಗಿ ಕಣ್ಣು ಕಣ್ಣು ಬಿಟ್ಟು, "ಮೆಟ್ಟಲ ಮ್ಯಾಲಿಂದ ಬಿದ್ದು..." ಎಂದಳು.

"ಹತ್ತುವಾಗಲಾ, ಇಳಿಯುವಾಗಲಾ? ಹತ್ತುವಾಗ ಬಿದ್ದರೆ ಗೌನು ಮುಂದೆ ಹರೀತದೆ. ಇಳಿಯುವಾಗ ಆದರೆ ಹಿಮ್ಮಡಿಗೆ ಸಿಕ್ಕಿ ಹಿಂದೆ."

ನಲವತ್ತು ವರ್ಷ ಊರಿನವರ ಹರಿದ ಬಟ್ಟೆಗೆ ತೇಪೆ ಹಾಕಿದ ಹೆಂಗಸು ಅವರು. ಯಾವ ಬಟ್ಟೆ ಎಲ್ಲಿ ಸವೆಯುತ್ತದೆ, ಯಾಕೆ ಸವೆಯುತ್ತದೆ ಎಂದು ಅವರಿಗಿಂತ ಚೆನ್ನಾಗಿ ತಿಳಿದವರು ಕಾರ್ಕಳದಲ್ಲಿ ಇರಲಿಲ್ಲ. ಇಷ್ಟು ದಿನ ಮುಚ್ಚಲು ಬಳಸಿದ ಆ ತಿಳಿವಳಿಕೆಯನ್ನು ಅವರು ಮೊದಲ ಸಲ ತಿರುಗಿಸಿ ಹಿಡಿದರು.

ಇಳಿಯುವಾಗ ಎಂದು ತೀರ್ಮಾನವಾಯಿತು. ಹಿಂದಿನ ಅಂಚಿನ ನಾಲ್ಕು ಹೊಲಿಗೆ ಬಿಚ್ಚಿ, ನನ್ನ ಚಪ್ಪಲಿಯ ಹಿಮ್ಮಡಿಯನ್ನು ಅದಕ್ಕೆ ಸಿಕ್ಕಿಸಿ ಎಳೆದರು. ಅಂಕುಡೊಂಕಾಗಿ ಹರಿಯಿತು. "ನೂರು ವರ್ಷ ಅದೇ ಬಂಗಲೆಯಲ್ಲಿ ತಿರುಗುತ್ತಾ ಇರ್ತಾಳಲ್ವಾ, ಅಂಚು ನೆಲಕ್ಕೆ ಉಜ್ಜಿ ಸವೆದಿರಬೇಕು," ಎಂದು ನಮ್ಮಿಬ್ಬರನ್ನೂ ಹೊರಗೆ ಕೂರಿಸಿ ಮುರಕಲ್ಲಿನ ಮೆಟ್ಟಿಲಿಗೆ ಅಂಚು ಉಜ್ಜಿಸಿದರು. ಕೆಂಪು ಮಣ್ಣಿನ ಬಣ್ಣವೂ ಹಿಡಿಯಿತು. ನನ್ನ ಬ್ಲೇಡಿನ ಗೀರುಗಳನ್ನೂ ಉಜ್ಜಿ ಉಜ್ಜಿ ನೂಲು ಎಬ್ಬಿಸಿದ ಮೇಲೆಯೇ ಬಿಟ್ಟರು. ಆಮೇಲೆ ಎರಡೂ ಮೊಣಕೈ. "ಕಿಟಕಿಗೆ ಕೈ ಊರಿ ಕಾಯ್ತಾ ಇದ್ದಾಳೆ."

"ಯಾರಿಗೆ ಕಾಯುವುದು?" ಎಂದೆ.

"ಗಂಡನಿಗೆ. ಬಹರೇನಿಗೆ ಹೋದನೋ ಏನೋ," ಎಂದು ಬಾಯಮ್ಮ ನನ್ನನ್ನು ನೋಡಿ ಕಣ್ಣು ಹೊಡೆದರು. ನಾನು ಕೈಯಲ್ಲಿದ್ದ ಗುರುತು ಹಾಕುವ ಚಾಕ್‌ಪೀಸನ್ನು ಅವರ ಮೇಲೆ ಎಸೆದೆ. ಹುಬ್ಬಳ್ಳಿಯ ಹುಡುಗಿಗೆ ಯಾಕೆಂದು ಗೊತ್ತಾಗದಿದ್ದರೂ ನಮ್ಮಿಬ್ಬರಿಗಿಂತ ಜೋರಾಗಿ ನಕ್ಕಳು.

ಹೋಟೆಲಿನಿಂದ ಒಂದು ಬಕೆಟು ಚಹಾದ ಚರಟ ತರಿಸಿ ಕುದಿಸಿದರು. ಬಿಳಿ ಗೌನು ಹಳೆಯ ಕಾಗದದ ಬಣ್ಣಕ್ಕೆ ಬಂತು. ಒಣಗಿಸಿ ನಾಳೆ ಕೊಡುತ್ತೇವೆ ಎಂದು ಹುಡುಗಿಯನ್ನು ಕಳಿಸಿದ ಮೇಲೆ ಬಾಯಮ್ಮ ಸೂಜಿ ತೆಗೆದರು. ಪ್ರತಿ ಹರಕಿನ ತುದಿಯಲ್ಲೂ, ಹೊರಗೆ ಕಾಣದ ಹಾಗೆ, ಒಳಗಿನಿಂದ ನಾಲ್ಕು ಸಣ್ಣ ಹೊಲಿಗೆ ಹಾಕುತ್ತಾ ಹೋದರು.

"ಇದು ಯಾಕೆ?"

"ಹರಿದದ್ದು ಸಾಕು. ಇನ್ನು ಮುಂದೆ ಹೋಗಬಾರದು."

ಅಂಗಡಿ ಮುಚ್ಚುವ ಹೊತ್ತಾಯಿತು. ನನ್ನ ವಿಷಯ ಅವರು ಎತ್ತಲೇ ಇಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲ ಮೇಲೆ ನಿಂತು, ಕೊನೆಗೆ ನಾನೇ ಕೇಳಿದೆ. "ನಾಳೆ ಬರಲಾ ಬಾಯಮ್ಮ?"

"ಬರದೆ ಮತ್ತೆ? ಸರಿಯಾಗಿ ಹರಿಯಲಿಕ್ಕೂ ಬರುವುದಿಲ್ಲ ನಿನಗೆ. ಎಷ್ಟು ಕಲೀಲಿಕ್ಕೆ ಉಂಟು ಇನ್ನು!"

ಆ ಸಂಜೆ ನಾನು ಮನೆಗೆ ನಡೆದು ಹೋಗಲಿಲ್ಲ, ಹಾರಿ ಹೋದೆ. "ಎಂತ ಇವತ್ತು ಇಷ್ಟು ಖುಷಿ?" ಎಂದು ಅತ್ತೆ ಕೇಳಿದ್ದಕ್ಕೆ, "ಹರಿಯಲಿಕ್ಕೆ ಕಲಿತೆ," ಎಂದೆ. ಅವರು ಟಿವಿಯ ಸೌಂಡ್ ಜಾಸ್ತಿ ಮಾಡಿದರು.

ಒಂದು ವಾರ ಬಿಟ್ಟು ಹುಡುಗಿ ಫೋಟೋ ತಂದು ಕೊಟ್ಟಳು. ಹನ್ನೊಂದು ಬಾವಲಿಗಳ ಕೆಳಗೆ ಮುಖಕ್ಕೆ ಬಿಳಿ ಪೌಡರು, ಕಣ್ಣ ಸುತ್ತ ಕಾಡಿಗೆ ಬಳಿದುಕೊಂಡು ನಿಂತಿದ್ದಳು. ನೋಡಿದರೆ ನಿಜಕ್ಕೂ ಭಯವಾಗುತ್ತಿತ್ತು. ಬಾಯಮ್ಮ ಮುಖ ನೋಡಲೇ ಇಲ್ಲ. ಫೋಟೋವನ್ನು ಮೂಗಿನ ಹತ್ತಿರ ತಂದು ಗೌನಿನ ಕೆಳಗನ್ನೇ ನೋಡಿ, "ಅಂಚು ಲಾಯಕ್ಕಾಗಿ ಸವೆದಿದೆ," ಎಂದರು.

ಮತ್ತೆ ಆರು ವರ್ಷ ನಾನು ಅಲ್ಲಿ ಹೊಲಿದೆ. ಆಮೇಲೆ ಅವರ ಕಣ್ಣು ಸೋತಿತು, ಅಣ್ಣನ ಮಗಳು ಬಂದು ಮುಂಬಯಿಗೆ ಕರೆದುಕೊಂಡು ಹೋದಳು. ಕ್ರಿಸ್‌ಮಸ್ಸಿಗೆ ಫೋನು ಮಾಡುತ್ತಿದ್ದರು. ಒಂದು ಕ್ರಿಸ್‌ಮಸ್ಸಿಗೆ ಫೋನು ಬರಲಿಲ್ಲ. ಜನವರಿಯಲ್ಲಿ ಅವರ ಇಗರ್ಜಿಯ ಹೆಂಗಸೊಬ್ಬರು ದಾರಿಯಲ್ಲಿ ಸಿಕ್ಕಿ ಹೇಳಿದರು... ಅಲ್ಲೇ ಮಣ್ಣು ಮಾಡಿದರಂತೆ. ಯಾವ ಬಟ್ಟೆ ಉಡಿಸಿದ್ದರು, ಯಾರು ಹೊಲಿದದ್ದು ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಮೊನ್ನೆ ಶನಿವಾರ ಪಾರ್ಟಿ ಮುಗಿಯಿತು. ಮಗಳ ಫ್ಲ್ಯಾಟು ಏಳನೇ ಮಹಡಿಯಲ್ಲಿ, ನೆಲವೆಲ್ಲ ನುಣುಪು ಟೈಲ್ಸು. ಕ್ಯಾಪ್ಟನ್ನನ ಅಂಗಿ ಉಜ್ಜಲು ನಾನು ಲಿಫ್ಟಿನಲ್ಲಿ ಇಳಿದು ಕಾಂಪೌಂಡಿನ ಗೋಡೆಯವರೆಗೆ ಹೋಗಬೇಕಾಗಿತ್ತು. ವಾಚ್‌ಮನ್ ಬಂದು, "ಅಮ್ಮಾ, ಮೇಲೆ ವಾಷಿಂಗ್ ಮೆಷಿನ್ ಇಲ್ವಾ?" ಎಂದು ಕೇಳಿದ್ದ. ಪಾರ್ಟಿಯ ದಿನ ಹಾಲಿನಲ್ಲಿ ಮೊಮ್ಮಗಳ ಸುತ್ತ ಜನ. ಯಾವ ಆನ್‌ಲೈನ್, ಎಷ್ಟು ದಿನಕ್ಕೆ ಬಂತು ಎಂದು ಎಲ್ಲರೂ ಕೇಳುತ್ತಿದ್ದರು. "ನಮ್ಮ ಅಜ್ಜಿ ಹರಿದದ್ದು," ಎಂದು ಅವಳು ಎದೆ ಉಬ್ಬಿಸಿ ಹೇಳುತ್ತಿದ್ದಳು. ಎಷ್ಟೋ ತಾಯಂದಿರು ಅಂಗಿಯನ್ನು ಹಿಡಿದು, ತಿರುಗಿಸಿ, ಒಳಗೂ ಹೊರಗೂ ನೋಡಿದರು.

ಎಡಗೈ ತೋಳಿನ ಒಂದು ಹರಕಿಗೆ ನಾನು ಬ್ಲೇಡು ಹಾಕಿದ್ದೆ. ಮಂಡಿ ನೋವಿಗೆ ಮತ್ತೆ ಕೆಳಗಿಳಿದು ಉಜ್ಜಲು ಆಗಲಿಲ್ಲ ಎಂದು ಮಗಳ ಹತ್ತಿರ ಹೇಳಿದೆ. ಅದು ಸುಳ್ಳು, ಬೇಕೆಂದೇ ಹಾಕಿದ್ದು. ಎಲ್ಲರೂ ನೋಡಿ ಮುಗಿಸುವವರೆಗೂ ಕುರ್ಚಿಯಲ್ಲಿ ಕುಳಿತು ಕಾದೆ. ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಎಂದರು. ಬ್ಲೇಡು ಎಂದು ಬೈದವರು ಒಬ್ಬರೂ ಇಲ್ಲ.