ಕೈ ಮುಗಿಯದ ಅತ್ತಿಗೆ

ಅತ್ತಿಗೆ, ಡಾಕ್ಟರು ಅಂದು ಕೇಳಿದ್ದು ನಿಮ್ಮನ್ನು. ಉತ್ತರ ಹೇಳಿದವನು ನಾನು — ಅದೂ ನೀವೇ ಹೇಳಿದಿರೆಂದು. ನಿಮ್ಮ ಮೈಯ ವಿಷಯವನ್ನು ನಿಮಗೇ ತಿಳಿಸದೆ ತೀರ್ಮಾನ ಮಾಡಿಬಿಟ್ಟೆ. ಇಷ್ಟು ವರ್ಷ ಅದನ್ನು ನುಂಗಿಕೊಂಡು ನಿಮ್ಮ ಮನೆಯಲ್ಲೇ ಊಟ ಮಾಡಿಕೊಂಡು ಬಂದೆ.

ಕ್ಯಾನ್ಸರಿಗೆಂದು ಎಡ ಮೊಲೆ ತೆಗೆಯಬೇಕು, ಆ ಜಾಗದಲ್ಲಿ ಇಂಪ್ಲಾಂಟ್, ಅಂದರೆ ಮೊಲೆಯ ಆಕಾರದ ಮೆತ್ತನೆಯ ಸಿಲಿಕೋನ್ ಚೀಲ, ಇಡಬಹುದು ಎಂದಾಗ ಅಣ್ಣ ಹೆದರಿಹೋಗಿದ್ದ. ಚಿಕ್ಕಪೇಟೆಯ ಪಾತ್ರೆ ಅಂಗಡಿ ಬಿಟ್ಟರೆ ಬೇರೆ ಲೋಕ ಕಾಣದವನು. "ಆ ಡಾಕ್ಟರಿಗೆ ಕನ್ನಡ ಬರಲ್ಲ, ನಂಗೆ ಇಂಗ್ಲಿಷ್ ಬರಲ್ಲ. ನೀನು ಓದಿದೋನು, ನೀನೇ ಅತ್ತಿಗೆ ಜೊತೆ ಹೋಗು" ಎಂದ. ಓದಿದವನು — ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು. ಹೋದೆ.

ಡಾಕ್ಟರು ಒಳ್ಳೆಯವರು, ಅವಸರ ಮಾಡಲಿಲ್ಲ. ಅವರು ಹೇಳಿದ್ದನ್ನು ಈಗ ಹೇಳುತ್ತೇನೆ, ಕೇಳಿ. ಇಂಪ್ಲಾಂಟನ್ನು ಎದೆಯ ಸ್ನಾಯುವಿನ ಮೇಲೂ ಇಡಬಹುದು, ಕೆಳಗೂ ಇಡಬಹುದು. ನಿಮಗೆ ಎರಡೂ ಆಗುತ್ತಿತ್ತು. ಮೇಲಿಟ್ಟರೆ ನೋವು ಕಡಿಮೆ, ಕೈ ಬೇಗ ಸುಧಾರಿಸುತ್ತದೆ. ಆದರೆ ಚರ್ಮ ತೆಳುವಾಗಿದ್ದರೆ ಅಂಚು, ಸುಕ್ಕು ಕಾಣಬಹುದು. ಕೆಳಗಿಟ್ಟರೆ ಮೇಲೊಂದು ಹೊದಿಕೆ ಇದ್ದ ಹಾಗೆ. ಆದರೆ ನೋವು ಜಾಸ್ತಿ, ಕೆಲವು ವಾರ ಕೈ ಎತ್ತುವ ಹಾಗಿಲ್ಲ, ಭಾರ ಹೊರುವ ಹಾಗಿಲ್ಲ. ಆಮೇಲೆ — ಅವರು ತಮ್ಮ ಎರಡೂ ಅಂಗೈಗಳನ್ನು ಎದೆಯ ಮುಂದೆ ಜೋಡಿಸಿ ಒತ್ತಿ ತೋರಿಸಿದರು — ಹೀಗೆ ಒತ್ತಿದಾಗಲೆಲ್ಲ ಸ್ನಾಯು ಬಿಗಿದು ಇಂಪ್ಲಾಂಟನ್ನು ಎಳೆಯುತ್ತದೆ, ಅದು ಜರುಗಿದ್ದು ಬಟ್ಟೆಯ ಮೇಲೂ ಕಾಣಬಹುದು. ದಿನಾ ಕೈಯಿಂದ ಏನೇನು ಮಾಡುತ್ತಾರೆ ವಿಚಾರಿಸಿ, ಯಾವುದು ಬೇಕೆಂದು ಅವರೇ ಹೇಳಲಿ ಎಂದರು.

ಮನೆಗೆ ಯಾರು ಬಂದರೂ ಮೊದಲು ಕೈ ಮುಗಿದು ಶರಣು ಅನ್ನುವವರು ನೀವು. ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನಡುಮನೆಯಲ್ಲೇ ಪೂಜೆಗೆ ಕೂರುತ್ತಿದ್ದಿರಿ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ನಿಮ್ಮ ಕಡೆ ತಿರುಗಿದಾಗ ನಾಲಿಗೆ ಏಳಲಿಲ್ಲ. ಅದೇ ಮಾತನ್ನು ಇಂಗ್ಲಿಷಿನಲ್ಲಿ ಎಷ್ಟು ಸಲೀಸಾಗಿ ಆಡುತ್ತಿದ್ದೆ. ಕನ್ನಡದಲ್ಲಿ, ಮೈದುನನಾದವನು ಅತ್ತಿಗೆಯ ಎದುರು — ನನಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದವರ ಎದುರು — ನಾಚಿಕೆಯಾಯಿತು. ಅಷ್ಟೇ ಕಾರಣ.

"ಒಳಗಡೆ, ಮಾಂಸದ ಕೆಳಗೆ ಇಡ್ತಾರಂತೆ. ಅದೇ ಒಳ್ಳೇದಂತೆ" ಎಂದೆ.

ನೀವು ನನ್ನ ಮುಖವನ್ನೇ ನೋಡಿದಿರಿ. "ಅಷ್ಟು ಹೊತ್ತು ಮಾತಾಡಿದ್ರಲ್ಲೋ. ಇಷ್ಟೇನಾ ಹೇಳಿದ್ದು?"

"ಇಷ್ಟೇ ಅತ್ತಿಗೆ."

ಆಮೇಲೆ ಡಾಕ್ಟರ ಕಡೆ ತಿರುಗಿ, ಕೆಳಗೇ ಇಡಿ ಅನ್ನುತ್ತಿದ್ದಾರೆ ಎಂದೆ.

ಆಪರೇಷನ್ ಚೆನ್ನಾಗಿಯೇ ಆಯಿತು, ರೋಗವೂ ಮರಳಲಿಲ್ಲ. ಮರುವರ್ಷ ನಾನು ಚಾಮರಾಜಪೇಟೆಯ ನಿಮ್ಮ ಮನೆಗೆ ಬಂದಿದ್ದಾಗ ನೀವು ಅವರೆಕಾಳು ಹಿಸುಕುತ್ತಾ, ತಲೆ ಎತ್ತದೆ ಹೇಳಿದಿರಿ: "ಕೈ ಮುಗಿದ್ರೆ ಮೊಲೆ ಒಂದ್ ಕಡೆಗೆ ಎಳ್ಕೊಂಡು ಹೋಗತ್ತೆ ಕಣೋ. ಸೆರಗಿನ ಮೇಲೇ ಕಾಣತ್ತೆ. ಡಾಕ್ಟರಿಗೂ ಹೀಗಾಗತ್ತೆ ಅಂತ ಗೊತ್ತಿರ್ಲಿಲ್ವೇನೋ, ಪಾಪ. ನನ್ನ ಮೈಯೇ ಸರಿಯಿಲ್ಲ." ನಾನು ಆಡಲಾರದೆ ಹೋದ ಮಾತನ್ನು ನೀವು ಆಡಿಬಿಟ್ಟಿರಿ. ಆಗಲಾದರೂ ನಾನು — ಇಲ್ಲ. "ಇರಬಹುದು ಅತ್ತಿಗೆ" ಎಂದು ಕಾಫಿ ಕುಡಿದು ಎದ್ದು ಬಂದೆ.

ಅಲ್ಲಿಂದಾಚೆ ನೀವು ಒಬ್ಬರೇ ಆಗುತ್ತಾ ಹೋದಿರಿ. ಪೂಜೆ ಈಗ ಬಾಗಿಲು ಹಾಕಿಕೊಂಡು. ಮದುವೆ ಮನೆಗಳಿಗೆ ಅಣ್ಣನೊಬ್ಬನೇ. ದಾರಿಯಲ್ಲಿ ಯಾರಾದರೂ ಶರಣು ಅಂದರೆ ತಲೆಯಾಡಿಸಿ ಸರಿದುಹೋಗುತ್ತೀರಿ. ಮೊನ್ನೆ ಬಸವನಗುಡಿಯ ಗೃಹಪ್ರವೇಶದಲ್ಲಿ ದೊಡ್ಡಮ್ಮ ಪಂಕ್ತಿಯಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ, "ಸತ್ತು ಬದುಕಿ ಬಂದ್ಳು ನೋಡು, ಈಗ ಕೈ ಮುಗಿಯೋಕೂ ಜಂಭ ಅವಳಿಗೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅತ್ತಿಗೆ. ಎಲೆಗೆ ಹೋಳಿಗೆ ಹಾಕಿಸಿಕೊಳ್ಳುತ್ತಾ ನಕ್ಕೆ. ಮನೆಗೆ ಬಂದ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮಲ್ಲೇಶ್ವರದಲ್ಲಿ ಕನ್ನಡ ಮಾತಾಡುವ ಲೇಡಿ ಡಾಕ್ಟರೊಬ್ಬರಿದ್ದಾರೆ. ನಿಮ್ಮ ಹೆಸರು ಹೇಳದೆ ವಿಚಾರಿಸಿದೆ. ಇಂಪ್ಲಾಂಟನ್ನು ಸ್ನಾಯುವಿನ ಮೇಲಕ್ಕೆ ತರುವ ಆಪರೇಷನ್ ಇದೆಯಂತೆ. ನಿಮಗೆ ಆಗುತ್ತದೋ ಇಲ್ಲವೋ ಪರೀಕ್ಷೆ ಮಾಡದೆ ಹೇಳಲಾಗದಂತೆ. ಮತ್ತೆ ಕೊಯ್ಯುವುದು, ಮತ್ತೆ ನೋವು — ಅದೂ ಇದೆ. ಹೋಗುತ್ತೀರೋ ಬಿಡುತ್ತೀರೋ ನಿಮ್ಮಿಷ್ಟ. ಹೋದರೆ, ನಾನು ಜೊತೆಗೆ ಬರುವುದಿಲ್ಲ.

ದೊಡ್ಡಮ್ಮನಿಗೆ ಎಲ್ಲ ಹೇಳಿ ನಿಮ್ಮ ಮೇಲಿನ ಆ ಮಾತನ್ನು ಅಳಿಸಿಬಿಡೋಣವೆಂದು ನಿನ್ನೆ ಚಪ್ಪಲಿ ಮೆಟ್ಟಿ ಗೇಟಿನ ತನಕ ಹೋಗಿದ್ದೆ. ಅಲ್ಲೇ ನಿಂತುಬಿಟ್ಟೆ. ಅದನ್ನು ಯಾರಿಗಾದರೂ ಹೇಳಬೇಕೋ ಬೇಡವೋ ಎನ್ನುವುದೂ ನಿಮಗೇ ಸೇರಿದ್ದು. ನಿಮ್ಮ ಪರವಾಗಿ ನಾನು ಒಮ್ಮೆ ಮಾತಾಡಿದ್ದೇ ಸಾಕು.