ಹತ್ತುಮೀನಿಗೆ ಅರ್ಥ ಹಚ್ಚಿದವರು

ವೇದಿಕೆಯ ಮೇಲೆ ಯಾರಾದರೂ ನನ್ನನ್ನು ಮಾನವಶಾಸ್ತ್ರಜ್ಞೆ ಎಂದು ಪರಿಚಯಿಸಿದರೆ ನನಗೆ ಈಗಲೂ ಮೈ ಮುದುಡುತ್ತದೆ. ನಾನು ನರಸಿಂಹರಾಜಪುರದವಳು. ಮೊದಲ ಜೋರು ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರಿ ಬರುವ ಹತ್ತುಮೀನು ತಿಂದೇ ಬೆಳೆದವಳು. ಅಂಥವಳು ಬಸ್ಸು ಬದಲಿಸಿಕೊಂಡು ಶೃಂಗೇರಿಯಾಚೆಯ ಕೆರೆಕಟ್ಟೆಗೆ ಹೋಗಿ, ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, “ಹತ್ತುಮೀನು ಅಂದರೆ ಏನು?” ಎಂದು ಕೇಳಿದೆ.

ಕೇಳಿದ್ದು ತೋಟದ ಕೂಲಿಗೆ ಹೋಗುತ್ತಿದ್ದ ಒಬ್ಬ ಹೆಂಗಸನ್ನು. ಹಳ್ಳದ ಪಕ್ಕದ ತನ್ನ ಮನೆಯಲ್ಲಿ ನನಗೆ ಉಳಿಯಲು ಜಾಗ ಕೊಟ್ಟಿದ್ದಳು. ನಾನು ಅಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನೇ ನೋಡಿ, “ನಿಮ್ಮೂರಲ್ಲಿ ಮಳೆ ಬರಲ್ವಾ ಮೇಡಂ?” ಎಂದಳು.

ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಕೇಳಬೇಕೆಂದು ನನ್ನ ಗುರುಗಳು ಹೇಳಿಕೊಟ್ಟಿದ್ದರು. ಸಂಸ್ಕೃತಿ ಮತ್ತು ಪರಿಸರ ಬದಲಾವಣೆಯ ದೊಡ್ಡ ವಿದ್ವಾಂಸರು. ಅವರು ಕೆರೆಕಟ್ಟೆಗೆ ಬಂದದ್ದು ಒಂದೇ ಒಂದು ಸಲ, ಬಿಳಿ ಬೂಟು ಹಾಕಿಕೊಂಡು, ಕಾರಿನಲ್ಲಿ. ಕಾಲಿಗೆ ಇಂಬಳ ಹತ್ತಿ ರಕ್ತ ಹೀರಿದ್ದಕ್ಕೆ ಊರೆಲ್ಲ ಕೇಳುವಂತೆ ಕಿರುಚಿದರು. ಆಮೇಲೆ ಆ ಇಂಬಳದ ಮೇಲೆ ಒಂದು ಲೇಖನ ಬರೆದರು. ಸಂಶೋಧಕ ತನ್ನ ರಕ್ತವನ್ನೇ ಕ್ಷೇತ್ರಕ್ಕೆ ಅರ್ಪಿಸುತ್ತಾನಂತೆ. ನಾವು ಶಿಷ್ಯರು ಅದನ್ನು ಹೊಗಳಿದೆವು.

ಕೆರೆಕಟ್ಟೆಯಲ್ಲಿ ಅಕ್ಕನ ಮನೆಯ ಹತ್ತಿರದ ಗದ್ದೆಗಳಿಗೆ ಮೀನು ಬರುವುದು ನಿಂತುಹೋಗಿತ್ತು. ಯಾಕೆಂದು ಕೇಳಿದಾಗ ಅಕ್ಕ ತಡಮಾಡದೆ ಹೇಳಿದಳು: “ಕೆಳಗೆ ಹಳ್ಳಕ್ಕೆ ಅಡ್ಡ ಕಾಂಕ್ರೀಟ್ ಕಟ್ಟೆ ಹಾಕಿದ್ರಲ್ಲ, ಇಷ್ಟೆತ್ರ. ಮೀನಿಗೆ ಏಣಿ ಇಟ್ಟಿದಾರಾ?”

ನಾನು ಹಾಗೇ ಬರೆದುಕೊಂಡು ಹೋದೆ. ಗುರುಗಳು ಕಾಗದವನ್ನು ಮೇಜಿನ ಮೇಲೆ ಎಸೆದರು.

“ಇದು ಇಂಜಿನಿಯರ್ ಹೇಳುವ ಮಾತು. ಆಕೆಯ ಒಳಲೋಕ ಎಲ್ಲಿ? ದೇವರು, ಮುನಿಸು, ಏನೂ ಹೇಳಲಿಲ್ಲವೇ?”

ಮತ್ತೆ ಹೋಗಿ ಕೇಳಿದೆ. “ದೇವರಿಗೆ ಮೀನಿನ ಮೇಲೆ ಎಂತ ಸಿಟ್ಟು?” ಎಂದು ನಕ್ಕಳು. ಇನ್ನೊಂದು ಸಲ ಕೇಳಿದೆ. ಆಗ ಅವಳು ಸೌದೆ ಹೊರೆ ಹೊತ್ತು ನಿಂತಿದ್ದಳು. “ಹ್ಞೂಂ, ಸಿಟ್ಟೇ ಇರ್ಬೋದು. ಬರ್ಕೊಳಿ” ಎಂದು ನಡೆದುಬಿಟ್ಟಳು. ಬರೆದುಕೊಂಡೆ. ದೈವದ ಮುನಿಸಿನ ಬಗ್ಗೆ ಒಂದು ಇಡೀ ಅಧ್ಯಾಯವಾಯಿತು. ಅದರಿಂದ ಡಾಕ್ಟರೇಟು, ಡಾಕ್ಟರೇಟಿನಿಂದ ನೌಕರಿ. ಕಟ್ಟೆಯ ಸುದ್ದಿ ಒಂದು ಅಡಿಟಿಪ್ಪಣಿಯಲ್ಲಿ ಉಳಿಯಿತು.

ಕೆಲವು ವರ್ಷಗಳ ನಂತರ ಕೊಪ್ಪದಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಎಸಿ ಕಾರುಗಳಲ್ಲಿ ಬಂದವರು ಭೂಮಿ ಬಿಸಿಯಾಗುತ್ತಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಹೊರಗೆ ಡ್ರೈವರುಗಳು ಎಂಜಿನ್ ಆರಿಸದೆ ಕಾಯುತ್ತಿದ್ದರು. ಗೌರವ ಎಂದುಕೊಂಡು ನಾನು ಅಕ್ಕನನ್ನು ಕರೆತಂದಿದ್ದೆ. ಹೊಸ ಸೀರೆ ಉಟ್ಟು ಬಂದಿದ್ದಳು. ಅವಳ ಕೈಗೆ ಮೈಕು ಕೊಟ್ಟಾಗ, “ಆ ಕಟ್ಟೆ ಒಡೆದ್ರೆ ಮೀನು ಬರ್ತದೆ. ಅಷ್ಟೆ” ಎಂದಳು.

ಹೊರಗಿನಿಂದ ಬಂದ ಅತಿಥಿಗಳಿಗೆ ಗುರುಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ನೀರು ಇವರಿಗೆ ನೀರಲ್ಲ, ಮುನಿದ ತಾಯಿ ಎಂದರು. ಮೀನು ಬಾರದಿರುವುದು ಇವರ ಪಾಲಿಗೆ ಒಂದು ಶೋಕ ಎಂದರು. ಬಹಳ ಹೊತ್ತು ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಎರಡೂ ಭಾಷೆ ಬರುತ್ತಿದ್ದ ನನ್ನ ಮುಂದೆಯೂ ಒಂದು ಮೈಕಿತ್ತು. ನಾನು ನೀರು ಕುಡಿದೆ.

ಅವಳನ್ನು ಊರಿಗೆ ಬಿಡಲು ಹೋಗುವಾಗ ಕೇಳಿದಳು: “ಆ ಮನುಷ್ಯ ಅಷ್ಟು ಹೊತ್ತು ಎಂತ ಹೇಳಿದ್ದು? ನಾ ಹೇಳಿದ್ದು ಇಷ್ಟೇ ಇಷ್ಟಿತ್ತಲ್ಲ.”

“ನೀವು ಹೇಳಿದ್ದನ್ನೇ ಅಕ್ಕಾ.”

ಆಮೇಲೆ ನಾಚಿಕೆಯಿಂದ ಬಹಳ ದಿನ ಆ ಕಡೆ ಹೋಗಲಿಲ್ಲ. ಈ ನಡುವೆ ಗುರುಗಳಿಗೆ ಅಭಿನಂದನಾ ಗ್ರಂಥ ತರುವವರು ನನ್ನಿಂದ ಲೇಖನ ಕೇಳಿದರು. ಕೊಪ್ಪದಲ್ಲಿ ನಡೆದದ್ದನ್ನು ನಡೆದಂತೆ ಬರೆದು ಕಳಿಸಿದೆ. ಗ್ರಂಥದ ಆಶಯಕ್ಕೆ ಹೊಂದುವುದಿಲ್ಲವೆಂದು ವಾಪಸು ಬಂತು. ಸರಿ, ಹೇಳಬೇಕಾದವರಿಗೇ ಹೇಳೋಣವೆಂದು ಕೆರೆಕಟ್ಟೆಯ ಬಸ್ಸು ಹತ್ತಿದೆ. ಆಗಷ್ಟೇ ಮಳೆ ಹಿಡಿದಿತ್ತು.

ಅಕ್ಕ ಅಂಗಳದ ಮೂಲೆಯಲ್ಲಿ ಕೂತು ಬೂದಿ ಹಚ್ಚಿ ಮೀನು ಉಜ್ಜುತ್ತಿದ್ದಳು. ಒಂದು ಬುಟ್ಟಿ ತುಂಬ ಇತ್ತು.

“ಎಲ್ಲಿಯದು?” ಎಂದೆ.

“ಗದ್ದೆಯದು. ಮತ್ತೆಲ್ಲಿಯದು?”

ಕೊಪ್ಪದಿಂದ ಬಂದ ಮುಂದಿನ ಬೇಸಿಗೆಯಲ್ಲೇ ಅವಳೂ ನೆರೆಯ ಮೂವರೂ ಹಾರೆ, ಸುತ್ತಿಗೆ ಹಿಡಿದು ಕಟ್ಟೆಯ ಒಂದು ಬದಿಯನ್ನು ಬುಡದವರೆಗೆ ಒಡೆದಿದ್ದರು. ಒಂದು ದಿನದ ಕೆಲಸವಂತೆ.

“ನನಗ್ಯಾಕೆ ಹೇಳಲಿಲ್ಲ ಅಕ್ಕಾ?”

“ಹೇಳಿದ್ರೆ ಬರೀತೀರಲ್ಲ ಮಾರಾಯ್ರೆ. ಸರ್ಕಾರದ ಕಟ್ಟೆ ಅದು.”

ಗುರುಗಳು ಅವಳ ಮಾತನ್ನು ತಿರುಚಿದ್ದನ್ನೂ, ನಾನು ಸುಮ್ಮನೆ ಕೂತದ್ದನ್ನೂ ಆಗ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

“ನಂಗೆ ಅವತ್ತೇ ಗೊತ್ತಾಯ್ತು. ಆ ಕಟ್ಟೆ ಕಟ್ಸಿದ ಸಾಹೇಬ್ರು ಮುಂದಿನ ಸಾಲಲ್ಲೇ ಕೂತಿದ್ರು. ಅವ್ರೂ ಚಪ್ಪಾಳೆ ಹೊಡೆದ್ರಲ್ಲ. ನಾ ಹೇಳಿದ್ದನ್ನೇ ಹೇಳಿದ್ರೆ ಅವ್ರು ಹೊಡೀತಿದ್ರಾ?”

ಅಷ್ಟು ವರ್ಷ ಓದಿದ ನಾನು ಆ ಮುಂದಿನ ಸಾಲನ್ನು ನೋಡಿರಲೇ ಇಲ್ಲ. ಅವಳು ಒಂದು ಮೀನನ್ನು ನನ್ನ ಕೈಗೆ ಕೊಟ್ಟು, ಸುಮ್ಮನೆ ಕೂರಬೇಡಿ ಎಂದಳು. ಉಜ್ಜತೊಡಗಿದೆ. ಊಟ ಹಾಕಿದಳು. ಉಳಿದುಕೊಳ್ಳಿ ಎನ್ನಲಿಲ್ಲ.

ಕಳೆದ ಮಳೆಗಾಲದಲ್ಲಿ ಅವಳ ಫೋನು ಬಂತು. ನೆರೆ ಬಂದು ಕಟ್ಟೆಯಲ್ಲಿ ಉಳಿದಿದ್ದ ಭಾಗವೂ ಕೊಚ್ಚಿಹೋಯಿತಂತೆ. “ಇನ್ನು ಬೇಕಾದ್ರೆ ಬರೀರಿ ಮೇಡಂ” ಎಂದಳು.