ಎರಡೂ ಊರಲ್ಲಿ ಇಲ್ಲವೆಂದ ಈರುಳ್ಳಿ

ಉಡುಪಿ ಕಡೆಯಿಂದ ಬಂದು ನಾಸಿಕದಲ್ಲಿ ಹೋಟೆಲಿಟ್ಟ ಸುಧಾಕರಣ್ಣನಿಗೆ ಒಬ್ಬಳೇ ಮಗಳು, ಹರ್ಷಿಣಿ. ಅಪ್ಪ ದೋಸೆ ಹುಯ್ದರೆ ಮಗಳು ಜಾವಾಸ್ಕ್ರಿಪ್ಟಿನಲ್ಲಿ ಕೋಡ್ ಬರೆಯುವವಳು. ಅಪ್ಪನ ಹೋಟೆಲಿಗೂ, ಛತ್ರಪತಿ ಸಂಭಾಜಿನಗರದಲ್ಲಿ ಸೋದರಮಾವ ಸುಜಿತ್ ನಡೆಸುವ ಹೋಟೆಲಿಗೂ ಸೇರಿಸಿ ಫೋನಿನಲ್ಲಿ ಕಾಣುವ ಮೆನು ಮಾಡಿಕೊಟ್ಟವಳು ಅವಳೇ.

ಆ ಮೆನು ಒಳಗೆ ಹೇಗಿತ್ತು ಅಂತೀರಿ? ಡಬ್ಬಿಯೊಳಗೆ ಡಬ್ಬಿ. ಊರಿನೊಳಗೆ ಅಡುಗೆಮನೆ, ಅದರೊಳಗೆ ತಿಂಡಿ, ತಿಂಡಿಯೊಳಗೆ ಸಾಂಬಾರ್, ಸಾಂಬಾರಿನ ತಳದಲ್ಲಿ ‘ಈರುಳ್ಳಿ’ ಎಂಬ ಕೀ, ಅಂದರೆ ಹೆಸರುಚೀಟಿ. ಅದರೆದುರು ‘ಇದೆ’ ಅಥವಾ ‘ಇಲ್ಲ’.

ಚಾತುರ್ಮಾಸದ ನಾಲ್ಕು ತಿಂಗಳು ವ್ರತವೆಂದು ಈರುಳ್ಳಿ ಬಿಡುವ ಮನೆಗಳು ಆ ಸೀಮೆಯಲ್ಲಿ ಬಹಳ. ಆಗ ಸುಧಾಕರಣ್ಣ ಈರುಳ್ಳಿ ಮೂಟೆಯನ್ನೇ ಅಡುಗೆಮನೆಯಿಂದ ಹೊರಗೆ ಹಾಕಿಸುತ್ತಿದ್ದ.

“ನಮ್ಮದೂ ಹಾಗೇ ಮಾರಾಯ್ತಿ, ಎರಡೂ ಕಡೆ ಇಲ್ಲ ಅಂತ ಹಾಕು,” ಎಂದು ಸುಜಿತ್ ಮಾವ ಫೋನ್ ಮಾಡಿದ.

ಹರ್ಷಿಣಿ ಒಂದು ಫಂಕ್ಷನ್, ಅಂದರೆ ಒಂದು ಕೆಲಸ ಮಾಡಿ ಮುಗಿಸುವ ಕೋಡಿನ ತುಂಡು, ಬರೆದಳು. ಅದು ಡಬ್ಬಿ ತೆರೆಯುತ್ತದೆ. ಒಳಗೆ ಇನ್ನೊಂದು ಸಿಕ್ಕರೆ ತನ್ನನ್ನೇ ಮತ್ತೆ ಕರೆದುಕೊಂಡು ಅದರೊಳಕ್ಕೂ ಇಳಿಯುತ್ತದೆ. ‘ಈರುಳ್ಳಿ’ ಕಂಡಲ್ಲೆಲ್ಲ ‘ಇಲ್ಲ’ ಎಂದು ಬರೆದು ಬರುತ್ತದೆ. ಎಷ್ಟು ಆಳವಿದ್ದರೂ ಬಿಡದು. ಯಾವ ಊರು ಎಂದು ಮಾತ್ರ ಕೇಳದು.

ಶ್ರಾವಣದಲ್ಲಿ ಅವಳು ಮಾವನ ಹೋಟೆಲಿಗೆ ಹೋದಳು. ಬಾಗಿಲ ಬಳಿಯ ಮೇಜಿನಲ್ಲಿ ಯೇವಲಾ ಊರಿನಿಂದ ಬಂದ ಮುದುಕಿಯೊಬ್ಬಳು ಫೋನ್ ತೋರಿಸಿ, ಸಾಂಬಾರಿಗೆ ಈರುಳ್ಳಿಯಿಲ್ಲ ತಾನೇ ಎಂದು ಮರಾಠಿಯಲ್ಲಿ ಕೇಳಿದಳು.

“ನಾಹೀ ಆಜಿ, ಇಲ್ಲವೇ ಇಲ್ಲ. ಆ ಮೆನು ಮಾಡಿದವಳೇ ನಾನು,” ಎಂದು ಹರ್ಷಿಣಿ ಹೆಮ್ಮೆಯಿಂದ ಹೇಳಿ ಅಡುಗೆಮನೆಗೆ ನಡೆದಳು.

ಅಲ್ಲಿ ಅಡುಗೆಯ ಶೀನ ಈರುಳ್ಳಿ ಹೆಚ್ಚುತ್ತಿದ್ದ.

“ಇದೆಂತ ಶೀನಣ್ಣ?”

“ಸಾಂಬಾರಿಗೆ. ಅಳ್ಲಿಕ್ಕೆ ಹೆಚ್ಚುದಾ ಮತ್ತೆ?”

“ಚಾತುರ್ಮಾಸ ಅಲ್ವಾ?”

“ಅದು ಫೋನಿನಲ್ಲಿ ಮಾತ್ರ ಅಂತ ನಿಮ್ಮ ಮಾವ ಹೇಳಿದ್ದಾರಲ್ಲ!”

ಗಲ್ಲಾದಿಂದ ಎದ್ದುಬಂದ ಮಾವ ನಕ್ಕ. “ಈರುಳ್ಳಿ ಇಲ್ಲದಿದ್ದರೆ ಕಾಲೇಜು ಹುಡುಗರು ಬರುದಿಲ್ಲ. ಇದೆ ಅಂದರೆ ವ್ರತದವರು ಬರುದಿಲ್ಲ. ಇಬ್ಬರೂ ಬರ್ಲಿ ಅಂತ.”

“ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಿ ಮಾವ.”

“ನಿನ್ನದಲ್ಲ, ಕಂಪ್ಯೂಟರಿನ ಬಾಯಿ ಅದು.”

ಹರ್ಷಿಣಿ ಹೊರಗೆ ಓಡಿದಳು. ಆಜಿಯ ಬಟ್ಟಲು ಆಗಲೇ ಅರ್ಧ ಖಾಲಿ. ನಿಜ ಕೇಳಿ ಆಜಿ ಬೈಯಲಿಲ್ಲ. ಚಮಚ ಕೆಳಗಿಟ್ಟಳು, ಹುಡುಗಿಯ ಮುಖವನ್ನೊಮ್ಮೆ ನೋಡಿದಳು, ಬಾಯಿ ಮುಕ್ಕಳಿಸಲು ಎದ್ದುಹೋದಳು.

ಹರ್ಷಿಣಿ ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದಳು. ಸಿಟ್ಟಿನಲ್ಲಿ ಹಳೆಯ ಫಂಕ್ಷನ್ನಿಗೇ ‘ಇಲ್ಲ’ದ ಬದಲು ‘ಇದೆ’ ಎಂದು ಕೊಟ್ಟಳು. ಓಡಿಸಬೇಕೆನ್ನುವಷ್ಟರಲ್ಲಿ ಕೈ ತಡೆದಳು. ಓಡಿಸಿದರೆ ನಾಸಿಕದಲ್ಲಿ ವ್ರತ ಕಾದ ಅಪ್ಪನ ಸಾಂಬಾರಿಗೂ ‘ಇದೆ’ ಬೀಳುತ್ತಿತ್ತು. ಅದನ್ನು ಅಳಿಸಿ, ದಾರಿಯನ್ನು ಒಂದೊಂದಾಗಿ ಬರೆದಳು: ಸಂಭಾಜಿನಗರ, ಅಡುಗೆಮನೆ, ತಿಂಡಿ, ಸಾಂಬಾರ್, ಈರುಳ್ಳಿ. ಆ ಒಂದು ಕೀ ಮಾತ್ರ.

“ಒತ್ತಬೇಡ ಹರ್ಷಿಣಿ,” ಎಂದ ಹಿಂದೆಯೇ ಬಂದು ನಿಂತ ಮಾವ. “ ನಿನ್ನನ್ನು ಎತ್ತಿ ಆಡಿಸಿದ ಮಾವ ನಾನು.”

“ಅದಕ್ಕೇ ಅಡುಗೆಮನೆ ನೋಡದೆ ನಂಬಿದ್ದು,” ಎಂದು ಅವಳು ಒತ್ತಿದಳು.

ಗಿರಾಕಿಗಳ ಫೋನಿನಲ್ಲಿ ‘ಈರುಳ್ಳಿ ಇದೆ’ ಎಂದು ಬಂತು. ಒಂದು ಮೇಜಿನವರು ಎದ್ದರು, ಆಮೇಲೆ ಇನ್ನೊಂದು ಮೇಜಿನವರು. ಮಾವ ಅವರನ್ನು ತಡೆಯಲು ಓಡಿದ. ಹರ್ಷಿಣಿ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

“ಊಟ ಮಾಡಿ ಹೋಗೇ!” ಎಂದು ಹಿಂದಿನಿಂದ ಮಾವ ಕೂಗಿದ, ಏನೂ ಆಗದವನ ಹಾಗೆ.

ಅವಳು ತಿರುಗಲಿಲ್ಲ. ನಾಸಿಕದ ಬಸ್ಸು ಹತ್ತಿದ ಮೇಲೆ ಕಣ್ಣು ಒರೆಸಿಕೊಂಡಳು.